ಪಟ್ಟಿಯಲ್ಲಿ ಕಲಿತ ನುಡಿಗಟ್ಟು ಕಿವಿಗೆ ಬಿದ್ದಾಗ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ನಮ್ಮ ಕಡೆಯ ಯಾವ ಹುಡುಗ ಹುಡುಗಿಯ ಮೊಬೈಲು ತೆರೆದರೂ ಅದರಲ್ಲಿ ಇಂಗ್ಲಿಷ್ ನುಡಿಗಟ್ಟುಗಳ ಒಂದು ಪಿಡಿಎಫ್ ಇದ್ದೇ ಇರುತ್ತದೆ. ಎಡಗಡೆ ನುಡಿಗಟ್ಟು, ಬಲಗಡೆ ಅದರ ಅರ್ಥ, ಕೆಲವದರಲ್ಲಿ ಅದರ ಪಕ್ಕಕ್ಕೆ ಕನ್ನಡದ ಒಂದು ಸಾಲು. ಬೆಳಗಿನ ಹೊತ್ತು ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೊರಡುವ ಬಸ್ಸುಗಳಲ್ಲಿ ಕಿಟಕಿಗೆ ಒರಗಿಕೊಂಡು, ತುಟಿ ಅಲ್ಲಾಡಿಸುತ್ತಾ, ಒಂದೊಂದೇ ಸಾಲನ್ನು ಬೆರಳಿನಿಂದ ಮೇಲಕ್ಕೆ ಸರಿಸುತ್ತಾ ಅದನ್ನು ಬಾಯಿಪಾಠ ಮಾಡುವವರನ್ನು ನಾನು ವರ್ಷಗಳಿಂದ ನೋಡುತ್ತಿದ್ದೇನೆ. ಅವರಲ್ಲಿ ಹಲವರು ನನ್ನ ಇಂಗ್ಲಿಷ್ ತರಗತಿಯಲ್ಲಿಯೇ ಕುಳಿತು ಹೋದವರು. ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪರೀಕ್ಷೆಗಳಲ್ಲಿ ನುಡಿಗಟ್ಟಿನ ಅರ್ಥ ಗುರುತಿಸುವ ಪ್ರಶ್ನೆಗಳು ಬರುವುದರಿಂದ ಈ ಶ್ರಮ ವ್ಯರ್ಥವೆಂದು ನಾನು ಹೇಳಲಾರೆ. ಆದರೆ ಅಷ್ಟು ಶ್ರಮಪಟ್ಟು ಕಲಿತದ್ದು, ಅದೇ ಮಾತನ್ನು ಮನುಷ್ಯನೊಬ್ಬ ಎದುರಿಗೆ ಆಡಿದಾಗ ಏಕೆ ನೆರವಿಗೆ ಬರುವುದಿಲ್ಲ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ.

ಈ ಪಟ್ಟಿಗಳನ್ನು ನಾನೂ ಓದಿದ್ದೇನೆ. ಒಂದರಿಂದ ಇನ್ನೊಂದಕ್ಕೆ ನಕಲಾಗುತ್ತಾ ಬಂದಿರುವುದರಿಂದ ಎಲ್ಲದರಲ್ಲಿಯೂ ಸರಿಸುಮಾರು ಅವೇ ಮಾತುಗಳಿರುತ್ತವೆ. ಮಳೆ ಜೋರಾಗಿ ಸುರಿಯುವುದಕ್ಕೆ ಬೆಕ್ಕು ನಾಯಿಗಳ ಮಾತು, ಸಾಯುವುದಕ್ಕೆ ಬಕೆಟ್ ಒದೆಯುವ ಮಾತು ಎಲ್ಲದರಲ್ಲಿಯೂ ಇವೆ. ಬೆಂಗಳೂರಿನ ಕಚೇರಿಗಳಲ್ಲಿ ದಿನ ಬೆಳಗಾದರೆ ಕೇಳಿಬರುವ ‘ಬೇರ್ ವಿತ್ ಮಿ’ (ಸ್ವಲ್ಪ ತಾಳಿಕೊಳ್ಳಿ), ‘ಆನ್ ದ ಸೇಮ್ ಪೇಜ್’ (ಒಂದೇ ಅಭಿಪ್ರಾಯದಲ್ಲಿರುವುದು), ‘ಟಚ್ ಬೇಸ್’ (ಒಮ್ಮೆ ಮಾತಾಡಿಕೊಳ್ಳುವುದು), ‘ಬಾಲ್‌ಪಾರ್ಕ್ ಫಿಗರ್’ ಮುಂತಾದವು ಒಂದೋ ಇರುವುದಿಲ್ಲ, ಇದ್ದರೂ ಕೊನೆಯ ಪುಟದಲ್ಲಿರುತ್ತವೆ. ಇವುಗಳಲ್ಲಿ ಕೊನೆಯ ಎರಡು ಅಮೆರಿಕದ ಬೇಸ್‌ಬಾಲ್ ಆಟದಿಂದ ಬಂದವು. ಆ ಆಟವನ್ನು ನಮ್ಮ ಜಿಲ್ಲೆಯಲ್ಲಿ ಆಡಿದವರಿಲ್ಲ, ನೋಡಿದವರೂ ಅಪರೂಪ. ಆದರೂ ಶಿಡ್ಲಘಟ್ಟದ ಹುಡುಗಿಯೊಬ್ಬಳು ಕೆಲಸಕ್ಕೆ ಸೇರಿದ ಮೊದಲ ವಾರದಲ್ಲಿಯೇ ‘ಖರ್ಚಿನ ಬಾಲ್‌ಪಾರ್ಕ್ ಫಿಗರ್ ಕೊಡಿ’ ಎಂಬ ಮಾತನ್ನು ಎದುರಿಸಬೇಕಾಗುತ್ತದೆ. ಕೇಳಿದವರಿಗೆ ಬೇಕಾಗಿರುವುದು ಒಂದು ಅಂದಾಜು ಮೊತ್ತ ಮಾತ್ರ.

ಗೊತ್ತಿದ್ದೂ ಹೊಳೆಯದ ಮಾತು

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ಕೆಲಸಕ್ಕಿದ್ದಳು. ಊರಿಗೆ ಬಂದಾಗ ಕಾಲೇಜಿಗೆ ಬಂದು ನನ್ನನ್ನು ಕಂಡು ಹೋಗುವ ರೂಢಿ ಅವಳದು. ಒಂದು ಸಲ ಬಂದವಳು ಸ್ಟಾಫ್ ರೂಮಿನಲ್ಲಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದಳು. ಕೇಳಿದ ಮೇಲೆ ನಿಧಾನವಾಗಿ ವಿಷಯ ಹೊರಬಂತು. ಬಿಡಿಭಾಗಗಳ ಒಂದು ಲಾಟನ್ನು ತಿರಸ್ಕರಿಸಬೇಕೋ ಸ್ವೀಕರಿಸಬೇಕೋ ಎಂಬ ಬಗ್ಗೆ ಇವಳು ಬೇರೊಂದು ಊರಿನಲ್ಲಿದ್ದ ಮೇಲಧಿಕಾರಿಗೆ ಫೋನಿನಲ್ಲಿ ವಿವರ ಕೊಟ್ಟಿದ್ದಾಳೆ. ಆತ ಎಲ್ಲವನ್ನೂ ಕೇಳಿಸಿಕೊಂಡು, ‘ದ ಬಾಲ್ ಈಸ್ ಇನ್ ಯುವರ್ ಕೋರ್ಟ್’ ಎಂದು ಹೇಳಿ ಮಾತು ಮುಗಿಸಿದ್ದಾನೆ. ತೀರ್ಮಾನ ಅವರಿಂದ ಬರಲಿ ಎಂದು ಇವಳು ಕಾದಳು. ಇವಳಿಂದ ಬರಲಿ ಎಂದು ಅವರು ಕಾದರು. ಅಷ್ಟರಲ್ಲಿ ಮುಂದಿನ ವಿಭಾಗದ ಕೆಲಸ ನಿಂತುಹೋಯಿತು. ಎಲ್ಲರ ಎದುರು ಇವಳು ಮಾತು ಕೇಳಬೇಕಾಯಿತು.

“ಮೇಡಂ, ಒಂದೊಂದು ಪದಕ್ಕೂ ಅರ್ಥ ಗೊತ್ತಿತ್ತು. ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದಾಗ ಸರಿಯಾಗಿಯೇ ಗುರುತು ಹಾಕಿದ್ದೆ. ಅವರು ಹೇಳಿದಾಗ ಮಾತ್ರ ಅದು ನನಗೇ ಹೇಳಿದ್ದು ಅಂತ ಹೊಳೀಲಿಲ್ಲ,” ಎಂದಳು.

ಅವಳ ಈ ಮಾತನ್ನು ನಾನು ಅನೇಕ ಸಲ ಮನಸ್ಸಿನಲ್ಲಿ ತಿರುವಿಹಾಕಿದ್ದೇನೆ. ಟೆನಿಸ್ ಅಂಗಳದಲ್ಲಿ ಚೆಂಡು ನಮ್ಮ ಕಡೆಗೆ ಬಿದ್ದರೆ ಹೊಡೆಯಬೇಕಾದವರು ನಾವು, ಎದುರಾಳಿ ಕಾಯುತ್ತಾನೆ. ಇಷ್ಟೇ ಆ ಮಾತಿನ ಒಳಗುಟ್ಟು, ಇದು ಅವಳಿಗೆ ತಿಳಿದೇ ಇತ್ತು. ತಿಳಿದದ್ದು ಕಣ್ಣಿಗೆ ಮಾತ್ರ. ಅಚ್ಚಾದ ಸಾಲಿನಲ್ಲಿ ಪದಗಳ ನಡುವೆ ಜಾಗವಿರುತ್ತದೆ, ಕೆಳಗೆ ನಾಲ್ಕು ಉತ್ತರಗಳಿರುತ್ತವೆ, ಇದು ನುಡಿಗಟ್ಟು ಎಂಬ ಸೂಚನೆಯೂ ಮೊದಲೇ ಸಿಕ್ಕಿರುತ್ತದೆ. ಫೋನಿನಲ್ಲಿ ಇವು ಯಾವುವೂ ಇಲ್ಲ. ಆಡುವವನ ಬಾಯಲ್ಲಿ ಅದು ‘ಬಾಲ್ಸಿನ್ಯರ್‌ಕೋರ್ಟ್’ ಎಂದು ಒಂದೇ ಉಸಿರಿನ ಒಂದೇ ಪದವಾಗಿ, ಲೆಕ್ಕ ಮತ್ತು ಅಳತೆಗಳ ಮಾತಿನ ನಡುವೆ ಬಂದು ಹೋಗುತ್ತದೆ. ಇದು ಈಗ ನುಡಿಗಟ್ಟಾಗಿ ಬಂದಿದೆ, ಇದರಿಂದ ನನ್ನ ಮೇಲೆ ಒಂದು ಕೆಲಸ ಬಿದ್ದಿದೆ ಎಂದು ಗುರುತಿಸುವ ಅಭ್ಯಾಸವನ್ನು ಯಾವ ಪಟ್ಟಿಯೂ ಅವಳಿಗೆ ಕೊಟ್ಟಿರಲಿಲ್ಲ. ಬುದ್ಧಿವಂತೆಯಾದ, ಶ್ರಮಜೀವಿಯಾದ ಹುಡುಗಿ ಆ ದಿನ ತನಗೆ ಇಂಗ್ಲಿಷ್ ಬರುವುದೇ ಇಲ್ಲ ಎಂದುಕೊಂಡು ಮನೆಗೆ ಹೋದಳೆಂಬುದು ನನಗೆ ಇಂದಿಗೂ ಸಂಕಟದ ವಿಷಯ.

ಬಾಗೇಪಲ್ಲಿಯ ಮಕ್ಕಳಿಗೆ ಪಟ್ಟಿ ಕೊಟ್ಟವರು ಯಾರು?

ಇನ್ನೊಬ್ಬರ ಭಾಷೆಯ ನುಡಿಗಟ್ಟನ್ನು ಕಲಿಯುವುದು ಕಷ್ಟ ಎಂಬ ಮಾತನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಒಪ್ಪದಿರಲು ಕಾರಣ ನಮ್ಮ ಜಿಲ್ಲೆಯಲ್ಲಿಯೇ ಇದೆ. ಬಾಗೇಪಲ್ಲಿಯ ಕಡೆಯಿಂದ ಬರುವ ಮಕ್ಕಳಲ್ಲಿ ಬಹುಪಾಲಿನವರ ಮನೆಮಾತು ತೆಲುಗು. ಕನ್ನಡ ಅವರಿಗೆ ಶಾಲೆಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ, ಕಬಡ್ಡಿ ಅಂಕಣದಲ್ಲಿ ಬಂದ ಭಾಷೆ. ಪರೀಕ್ಷೆಗೆ ಮುಂಚಿನ ಒಂದು ತರಗತಿಯಲ್ಲಿ, ಒಂದು ಪಾಠವನ್ನು ಓದಿಕೊಂಡರೂ ಒಳ್ಳೆಯದು, ಸಮಯವಿಲ್ಲದಿದ್ದರೆ ಬಿಟ್ಟರೂ ನಡೆದೀತು ಎಂದು ನಾನು ಹೇಳುತ್ತಿದ್ದಾಗ, ಹಿಂದಿನ ಬೆಂಚಿನಿಂದ ಅಂಥ ಹುಡುಗನೊಬ್ಬ ಎದ್ದು ನಿಂತು, “ಮೇಡಂ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳ್ಬೇಡಿ. ಬರುತ್ತೋ ಬರಲ್ವೋ ಅದನ್ನ ಹೇಳಿ,” ಎಂದ. ತರಗತಿಯೆಲ್ಲಾ ಅವನ ಪರ ನಿಂತಿತು. ನಾನು ಉತ್ತರ ಹೇಳಿದ ಮೇಲೆ, ಇದೇ ಮಾತನ್ನು ಮನೆಯಲ್ಲಿ ತೆಲುಗಿನಲ್ಲಿ ಹೇಗೆ ಹೇಳುತ್ತೀರಿ ಎಂದು ಅವನನ್ನು ಕೇಳಿದೆ. ಸ್ವಲ್ಪ ಯೋಚಿಸಿ, ‘ಗೋಡ ಮೀದ ಪಿಲ್ಲಿ’ ಎಂಬ ಮಾತಿದೆ, ಆದರೆ ಅದನ್ನು ಇಲ್ಲಿ ಹೇಳುವುದಕ್ಕಾಗುವುದಿಲ್ಲ ಎಂದ. ಗೋಡೆಯ ಮೇಲಿನ ಬೆಕ್ಕು ಎಂಬುದು ಯಾವ ಕಡೆಗೆ ಬೇಕಾದರೂ ಹಾರಬಲ್ಲ ಮನುಷ್ಯನಿಗೆ ಹೇಳುವ ಮಾತು, ಚುನಾವಣೆಯ ಸಮಯದಲ್ಲಿ ಹೇಳುತ್ತಾರೆ. ಗೋಡೆಯ ಮೇಲಿನ ದೀಪ ಎಂಬುದು ಎರಡೂ ಕಡೆಗೆ ಬೆಳಕು ಬೀಳುವಂತೆ ಆಡಿದ ಮಾತಿಗೆ ಹೇಳುವುದು. ನೀವು ಆ ಥರದವರಲ್ಲ, ನಿಮ್ಮ ಮಾತು ಮಾತ್ರ ಹಾಗಿತ್ತು ಎಂದು ವಿವರಿಸಿದ.

ನಾನು ಓದಿರುವ ಪಟ್ಟಿಯೊಂದು ಈ ಎರಡನ್ನೂ, ಇಂಗ್ಲಿಷಿನ ‘ಸಿಟ್ ಆನ್ ದ ಫೆನ್ಸ್’ ಎಂಬುದನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ತಟಸ್ಥವಾಗಿರು ಎಂದು ಅರ್ಥ ಕೊಟ್ಟು ಮುಂದೆ ಹೋಗಿಬಿಡುತ್ತದೆ. ಆ ಹುಡುಗನಿಗೆ ಗೊತ್ತಿದ್ದದ್ದು ಅದಕ್ಕಿಂತ ಬಹಳ ಹೆಚ್ಚು. ಯಾವುದನ್ನು ಮನುಷ್ಯನಿಗೆ ಹೇಳುವುದು, ಯಾವುದನ್ನು ಮಾತಿಗೆ ಹೇಳುವುದು, ಯಾವುದನ್ನು ಮೇಡಮ್ಮಿಗೆ ಹೇಳಬಹುದು, ಯಾವುದನ್ನು ಹೇಳಿದರೆ ಅವಮರ್ಯಾದೆಯಾಗುತ್ತದೆ ಎಂಬುದೆಲ್ಲಾ ಅವನಲ್ಲಿ ಸೇರಿಕೊಂಡಿತ್ತು. ಇದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ. ಹತ್ತಾರು ಸಲ ಬೇರೆಯವರ ಬಾಯಲ್ಲಿ ಕೇಳಿದ್ದ. ಯಾರು ಯಾರಿಗೆ ಹೇಳಿದರು, ಕೇಳಿದವರ ಮುಖ ಹೇಗಾಯಿತು ಎಂಬುದನ್ನು ನೋಡಿದ್ದ. ಇದೇ ಹಳೆಯ ಕೋಲಾರ ಜಿಲ್ಲೆಯ ನೆಲದಲ್ಲಿ ಹುಟ್ಟಿದ ಮಾಸ್ತಿಯವರ ಮನೆಮಾತು ತಮಿಳು. ಕಾಲೇಜಿನಲ್ಲಿ ಅವರು ಓದಿದ್ದು ಇಂಗ್ಲಿಷ್ ಸಾಹಿತ್ಯ. 1983ರ ಜ್ಞಾನಪೀಠ ಬಂದದ್ದು ಕನ್ನಡದ ಬರಹಕ್ಕೆ. ಹಳ್ಳಿಯ ಮಾತಿನ ಬನಿಯನ್ನು ಅಷ್ಟು ಸಹಜವಾಗಿ ಹಿಡಿದ ಆ ಕನ್ನಡ ಒಡನಾಟದಿಂದ ಬಂದದ್ದೇ ಹೊರತು ಪಟ್ಟಿಯಿಂದಲ್ಲ. ನಮ್ಮ ಮಕ್ಕಳಿಗೆ ನುಡಿಗಟ್ಟು ಕಲಿಯುವ ಶಕ್ತಿ ಇಲ್ಲವೆನ್ನುವವರು ಈ ಕಡೆಗೆ ನೋಡಬೇಕು. ಶಕ್ತಿ ಇದೆ, ಇಂಗ್ಲಿಷಿನ ಒಡನಾಟ ಮಾತ್ರ ಸಿಕ್ಕಿಲ್ಲ.

ನಾಲ್ಕನೇ ಜ್ವರ

ಸಂದರ್ಭವೆಂದರೇನು ಎಂಬುದನ್ನು ತರಗತಿಯಲ್ಲಿ ತೋರಿಸಲು ನಾನು ಇಂಗ್ಲಿಷಿನಿಂದ ಆರಂಭಿಸುವುದಿಲ್ಲ, ರೇಷ್ಮೆಹುಳುವಿನಿಂದ ಆರಂಭಿಸುತ್ತೇನೆ. ಶಿಡ್ಲಘಟ್ಟದ ಕಡೆಯ ಮಕ್ಕಳಿರುವ ತರಗತಿಯಲ್ಲಿ ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಾಣೆ. ‘ಹುಳು ನಾಲ್ಕನೇ ಜ್ವರಕ್ಕೆ ಕೂತಿದೆ’ ಎಂದು ಕಪ್ಪುಹಲಗೆಯ ಮೇಲೆ ಬರೆದು, ಗೌರಿಬಿದನೂರಿನ ಕಡೆಯ, ಮುಸುಕಿನ ಜೋಳ ಬೆಳೆಯುವ ಮನೆಯ ಹುಡುಗನೊಬ್ಬನನ್ನು ಅರ್ಥ ಕೇಳಿದೆ. ಹುಳುವಿಗೆ ಕಾಯಿಲೆಯಾಗಿದೆ, ಔಷಧಿ ಹೊಡೆಯಬೇಕು ಎಂದು ಅವನು ಹೇಳಿದ. ಅವನ ಪಕ್ಕದಲ್ಲಿದ್ದ ಹುಳು ಸಾಕುವ ಮನೆಯ ಹುಡುಗಿ ತಕ್ಷಣ ತಿದ್ದಿದಳು. ಹುಳು ಪೊರೆ ಬಿಡುವ ಹೊತ್ತಿಗೆ ಮೇವು ಮುಟ್ಟದೆ, ತಲೆಯೆತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುವುದು. ಗೂಡು ಕಟ್ಟುವುದರೊಳಗೆ ಹಾಗೆ ನಾಲ್ಕು ಸಲ ಆಗುತ್ತದೆ. ನಾಲ್ಕನೆಯದು ಎದ್ದ ಮೇಲೆ ಹುಳು ತಿನ್ನುವ ಸೊಪ್ಪಿಗೆ ಲೆಕ್ಕವಿಲ್ಲ, ಆದ್ದರಿಂದ ಆ ಮಾತು ಕೇಳಿದ ಕೂಡಲೇ ಮನೆಯವರು ತೋಟದಲ್ಲಿ ಸೊಪ್ಪು ಎಷ್ಟಿದೆ, ಕೊಯ್ಯಲು ಆಳು ಸಿಗುತ್ತಾರೆಯೇ ಎಂದು ಯೋಚಿಸತೊಡಗುತ್ತಾರೆ. ಆಮೇಲೆ ಹುಳು ‘ಹಣ್ಣಾಗುತ್ತದೆ’, ಅಂದರೆ ಗೂಡು ಕಟ್ಟಲು ಸಿದ್ಧವಾಗುತ್ತದೆ, ಆಗ ಅದನ್ನು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಗೆ ಬಿಡುತ್ತಾರೆ.

ಆ ಹುಡುಗಿ ಹೇಳಿದ್ದರಲ್ಲಿ ಪದಕೋಶದ ಅರ್ಥ ಒಂದೇ ವಾಕ್ಯದಷ್ಟಿತ್ತು, ಮಿಕ್ಕದ್ದೆಲ್ಲಾ ಆ ಮಾತು ಕಿವಿಗೆ ಬಿದ್ದಾಗ ಮನೆಯಲ್ಲಿ ಯಾರು ಏನು ಮಾಡುತ್ತಾರೆ ಎಂಬುದು. ಇಂಗ್ಲಿಷ್ ನುಡಿಗಟ್ಟಿನಲ್ಲಿಯೂ ಕಲಿಯಬೇಕಾದದ್ದು ಈ ಮಿಕ್ಕದ್ದನ್ನೇ ಎಂದು ನಾನು ಆ ತರಗತಿಯಲ್ಲಿ ಹೇಳಿದೆ. ‘ಲೆಟ್ಸ್ ಕಾಲ್ ಇಟ್ ಎ ಡೇ’ ಎಂದರೆ ಕೆಲಸ ನಿಲ್ಲಿಸೋಣ ಎಂಬುದು ಅರ್ಥ. ಅದನ್ನು ಸಾಮಾನ್ಯವಾಗಿ ಹೇಳುವವರು ಸಭೆ ನಡೆಸುತ್ತಿರುವವರು ಅಥವಾ ಜೊತೆಯಲ್ಲಿ ಸಮನಾಗಿ ದುಡಿಯುತ್ತಿರುವವರು. ಹೊಸದಾಗಿ ಸೇರಿದವರು ಮೇಲಧಿಕಾರಿಗೆ ಹೇಳಿದರೆ ಚೆನ್ನಾಗಿ ಕಾಣುವುದಿಲ್ಲ. ‘ಅಂಡರ್ ದ ವೆದರ್’ ಎಂದು ಸಹೋದ್ಯೋಗಿ ಹೇಳಿದರೆ ಅದು ನೆಗಡಿ, ಮೈಕೈ ನೋವಿನಂಥ ಸಣ್ಣ ತೊಂದರೆ. ಆಸ್ಪತ್ರೆಯಲ್ಲಿ ಗಂಭೀರವಾಗಿ ಮಲಗಿರುವವರ ಬಗ್ಗೆ ಆ ಮಾತಾಡುವುದು ಅವರ ನೋವನ್ನು ಹಗುರ ಮಾಡಿದಂತೆ. ಬಕೆಟ್ ಒದೆಯುವ ಮಾತಂತೂ ಸಾವಿನ ಬಗ್ಗೆ ಲಘುವಾಗಿ ಆಡುವಂಥದ್ದು, ಸಂತಾಪ ಹೇಳುವ ಪತ್ರದಲ್ಲಿ ಅದಕ್ಕೆ ಜಾಗವೇ ಇಲ್ಲ. ಪಟ್ಟಿಯಲ್ಲಿ ಅದರ ಮುಂದೆ ‘ಸಾಯು’ ಎಂದಷ್ಟೇ ಅಚ್ಚಾಗಿರುತ್ತದೆ. ಇದನ್ನು ಅಪಾಯಕಾರಿ ಎನ್ನಲು ನಾನು ಹಿಂಜರಿಯುವುದಿಲ್ಲ.

ದ್ರಾಕ್ಷಿ ತೋಟದ ಹನ್ನೊಂದನೇ ಗಂಟೆ

ನುಡಿಗಟ್ಟಿನ ಹುಟ್ಟನ್ನು ಹೇಳಿಕೊಟ್ಟರೆ ಅದು ನೆನಪಿನಲ್ಲಿ ಉಳಿಯುತ್ತದೆಯೇ? ಬೆಲ್ಜಿಯಂನಲ್ಲಿ ಫ್ರಾಂಕ್ ಬೂರ್ಸ್ ಎಂಬ ಭಾಷಾ ಬೋಧನೆಯ ತಜ್ಞರೂ ಅವರ ಸಂಗಡಿಗರೂ ಇಂಗ್ಲಿಷ್ ಕಲಿಯುವ ವಿದ್ಯಾರ್ಥಿಗಳ ಮೇಲೆ ಈ ಪ್ರಯೋಗ ನಡೆಸಿ, ಮೂಲದ ಚಿತ್ರ ತಿಳಿದಾಗ ನೆನಪು ಗಟ್ಟಿಯಾಗುತ್ತದೆ ಎಂದು ತೋರಿಸಿದ್ದಾರೆ. ನನ್ನ ಅನುಭವವೂ ಅದೇ. ಕೊನೆಯ ಗಳಿಗೆಯಲ್ಲಿ ಎಂಬ ಅರ್ಥದ ‘ಅಟ್ ದಿ ಇಲೆವೆಂತ್ ಅವರ್’ ಎಂಬುದನ್ನು, ಅಂದರೆ ಹನ್ನೊಂದನೇ ಗಂಟೆಯಲ್ಲಿ ಎಂಬ ಮಾತನ್ನು, ಓದಿದ ಮಕ್ಕಳು ರಾತ್ರಿ ಹನ್ನೊಂದು ಗಂಟೆಯನ್ನು ಊಹಿಸಿಕೊಳ್ಳುತ್ತಾರೆ, ಹನ್ನೆರಡಕ್ಕೆ ದಿನ ಮುಗಿಯುತ್ತದಲ್ಲ ಎನ್ನುತ್ತಾರೆ. ಅದು ಬಂದದ್ದು ಬೈಬಲ್ಲಿನ ಮತ್ತಾಯನ ಸುವಾರ್ತೆಯ 20ನೆಯ ಅಧ್ಯಾಯದಿಂದ. ದ್ರಾಕ್ಷಿ ತೋಟದ ಯಜಮಾನನೊಬ್ಬ ಬೆಳಗಿನಿಂದ ಸಂಜೆಯವರೆಗೆ ಹಲವು ಸಲ ಪೇಟೆಗೆ ಹೋಗಿ ಕೂಲಿಯವರನ್ನು ಕರೆತರುತ್ತಾನೆ. ಹನ್ನೊಂದನೇ ತಾಸಿನಲ್ಲಿ ಬಂದವರಿಗೂ ಮುಂಜಾನೆ ಬಂದವರಿಗೂ ಸಮನಾಗಿ ಒಂದು ದಿನಾರಿ ಕೂಲಿ ಕೊಡುತ್ತಾನೆ. ಅಲ್ಲಿ ತಾಸು ಎಣಿಸುವುದು ಸೂರ್ಯೋದಯದಿಂದ. ಆದ್ದರಿಂದ ಹನ್ನೊಂದನೆಯದೆಂದರೆ ನಮ್ಮ ಸಂಜೆ ಐದು ಗಂಟೆಯ ಹೊತ್ತು, ತೋಟದ ಕೆಲಸ ಬಿಡುವುದಕ್ಕೆ ಇನ್ನೊಂದೇ ಗಂಟೆ ಉಳಿದಿರುವಾಗ. ಚಿಕ್ಕಬಳ್ಳಾಪುರದ ಸುತ್ತ ಬೆಂಗಳೂರು ಬ್ಲೂ ದ್ರಾಕ್ಷಿಯ ಚಪ್ಪರಗಳ ಕೆಳಗೆ ಕೂಲಿ ಮಾಡುವ ತಾಯಂದಿರ ಮಕ್ಕಳು ನನ್ನ ತರಗತಿಯಲ್ಲಿದ್ದಾರೆ. ಅವರಿಗೆ ಈ ಕಥೆಯ ಬಿಸಿಲು, ಕೂಲಿ, ಬೆಳಗಿನಿಂದ ದುಡಿದವರ ಗೊಣಗಾಟ ಯಾವುದನ್ನೂ ವಿವರಿಸಬೇಕಾಗಿಲ್ಲ. ಕಥೆ ಕೇಳಿದ ಮೇಲೆ ಅದರ ಅರ್ಥವನ್ನು ಯಾರೂ ಮರೆಯಲಿಲ್ಲ. ಬೆಳಗ್ಗೆ ಬಂದವರಿಗೆ ಅನ್ಯಾಯವಾಯಿತಲ್ಲವೇ ಎಂಬ ಚರ್ಚೆ ಮಾತ್ರ ಗಂಟೆ ಹೊಡೆದರೂ ನಿಲ್ಲಲಿಲ್ಲ.

ಕ್ರಿಕೆಟ್ಟಿನ ಮಾತುಗಳಿಗೆ ಇಷ್ಟೂ ಶ್ರಮ ಬೇಡ. ‘ಆನ್ ದ ಬ್ಯಾಕ್ ಫುಟ್’ ಎಂದರೆ ರಕ್ಷಣೆಗೆ ಹಿಂದೆ ಸರಿದಿರುವ ಸ್ಥಿತಿ ಎಂದು ಮಕ್ಕಳೇ ಹೇಳುತ್ತಾರೆ. ‘ಪ್ಯಾನ್ ಔಟ್’ ಎಂಬ ಚಿನ್ನದ ಮಾತಿನಲ್ಲಿ ಮಾತ್ರ ಕೋಲಾರದವರಿಗೆ ಒಂದು ತೊಡಕುಂಟು. ನಮ್ಮ ಕೆಜಿಎಫ್‌ನಲ್ಲಿ ಬ್ರಿಟಿಷ್ ಕಂಪನಿಯ ಕಾಲದಿಂದ 2001ರಲ್ಲಿ ಗಣಿ ಮುಚ್ಚುವವರೆಗೆ ಚಿನ್ನ ತೆಗೆದದ್ದು ನೆಲದಾಳದ ಗಟ್ಟಿ ಬಂಡೆಯಿಂದ. ಆ ಮಾತು ಹುಟ್ಟಿದ್ದು ಅಮೆರಿಕದ ಹೊಳೆಗಳ ಮರಳನ್ನು ಅಗಲವಾದ ಬೋಗುಣಿಯಲ್ಲಿ ಹಾಕಿ ತೊಳೆದು, ತಳದಲ್ಲಿ ಚಿನ್ನದ ಕಣ ಉಳಿಯಿತೇ ಎಂದು ನೋಡುತ್ತಿದ್ದವರ ನಡುವೆ. ಉಳಿದರೆ ಕೆಲಸ ಕೈಗೂಡಿತು, ಇಲ್ಲದಿದ್ದರೆ ಇಲ್ಲ.

ಆದರೆ ಹುಟ್ಟಿನ ಕಥೆಗಳಲ್ಲಿ ಸುಳ್ಳೂ ಬಹಳ ಇರುವುದರಿಂದ ಎಚ್ಚರ ಬೇಕು. ಹಿಂದೆ ಹುಲ್ಲಿನ ಮಾಡುಗಳ ಮೇಲೆ ಮಲಗುತ್ತಿದ್ದ ಬೆಕ್ಕು ನಾಯಿಗಳು ಮಳೆಗೆ ಜಾರಿ ಬೀಳುತ್ತಿದ್ದುದರಿಂದ ಜೋರು ಮಳೆಗೆ ಹೇಳುವ ಬೆಕ್ಕು ನಾಯಿಗಳ ಆ ನುಡಿಗಟ್ಟು ಬಂತೆಂಬ ಕಥೆ 1999ರ ಸುಮಾರಿಗೆ ಇ-ಮೇಲ್‌ಗಳಲ್ಲಿ ಹರಡಿದ ಕಟ್ಟುಕಥೆ. ಮಾತು ಹಳೆಯದು, 1738ರಲ್ಲಿಯೇ ಜೊನಾಥನ್ ಸ್ವಿಫ್ಟ್ ಅದನ್ನು ಬಳಸಿದ್ದಾರೆ. ಅದರ ಮೂಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬಹಳ ಅಪರೂಪಕ್ಕೆ ಎಂಬ ಅರ್ಥದ ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂಬುದರ ಕಥೆ ಇನ್ನೂ ಸ್ವಾರಸ್ಯಕರವಾದದ್ದು. ಒಂದೇ ತಿಂಗಳಲ್ಲಿ ಬರುವ ಎರಡನೆಯ ಹುಣ್ಣಿಮೆಯನ್ನು ಬ್ಲೂ ಮೂನ್ ಎನ್ನುವ ರೂಢಿ 1946ರಲ್ಲಿ ಅಮೆರಿಕದ ಖಗೋಳ ಪತ್ರಿಕೆಯೊಂದರ ಲೇಖನದಲ್ಲಿ ನುಸುಳಿದ ತಪ್ಪು ಗ್ರಹಿಕೆಯಿಂದ ಆರಂಭವಾಯಿತು, ನುಡಿಗಟ್ಟು ಅದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಹಳೆಯದು. ಹಾಗಿದ್ದರೂ ಆ ಎರಡನೆಯ ಹುಣ್ಣಿಮೆಯ ಲೆಕ್ಕವನ್ನು ನಾನು ಬಿಡದೆ ಹೇಳಿಕೊಡುತ್ತೇನೆ, ಏಕೆಂದರೆ ನಮ್ಮ ಪಂಚಾಂಗದ ಅಧಿಕಮಾಸದ ಲೆಕ್ಕವೂ ಅದೇ. ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನ, ವರ್ಷಕ್ಕೆ 365. ಪ್ರತಿ ವರ್ಷದ ಆ 11 ದಿನಗಳ ವ್ಯತ್ಯಾಸ ಕೂಡಿ ಕೂಡಿ ಎರಡೂವರೆ ವರ್ಷ ದಾಟಿದ ಮೇಲೆ ಅಲ್ಲಿ ಒಂದು ಹೆಚ್ಚಿನ ಹುಣ್ಣಿಮೆಯಾಗುತ್ತದೆ, ಇಲ್ಲಿ ಒಂದು ಹೆಚ್ಚಿನ ಮಾಸವಾಗುತ್ತದೆ. 19 ವರ್ಷಗಳಲ್ಲಿ 228 ತಿಂಗಳು, 235 ಹುಣ್ಣಿಮೆ. ಮನೆಯಲ್ಲಿ ಅಜ್ಜಿ ಅಧಿಕಮಾಸದ ಪೂಜೆ ಮಾಡುವುದನ್ನು ನೋಡಿರುವ ಮಕ್ಕಳಿಗೆ ‘ಅಪರೂಪಕ್ಕೆ’ ಎಂದರೆ ಎಷ್ಟು ಅಪರೂಪ ಎಂಬುದು ಆಗ ಅಂದಾಜಿಗೆ ಸಿಗುತ್ತದೆ.

ಯಾವುದನ್ನು ಆಡಬೇಕು, ಯಾವುದನ್ನು ಅರಿತರೆ ಸಾಕು

ನುಡಿಗಟ್ಟುಗಳೆಲ್ಲಾ ಒಂದೇ ಬಗೆಯವಲ್ಲ ಎಂಬುದನ್ನು ಜೆಫ್ರಿ ನನ್‌ಬರ್ಗ್, ಐವಾನ್ ಸ್ಯಾಗ್ ಮತ್ತು ಥಾಮಸ್ ವಾಸೊ ಎಂಬ ಮೂವರು ಭಾಷಾವಿಜ್ಞಾನಿಗಳು 1994ರಲ್ಲಿ ಬಹಳ ಸ್ಪಷ್ಟವಾಗಿ ವಿವರಿಸಿದರು. ಗುಟ್ಟು ಬಿಟ್ಟುಕೊಡುವುದಕ್ಕೆ ಹೇಳುವ ‘ಸ್ಪಿಲ್ ದ ಬೀನ್ಸ್’ನಲ್ಲಿ ಚೆಲ್ಲುವುದು ಎಂದರೆ ಹೊರಗೆಡಹುವುದು, ಕಾಳು ಎಂದರೆ ಗುಟ್ಟು ಎಂದು ಬಿಡಿಸಬಹುದು, ಆದ್ದರಿಂದ ‘ಬೀನ್ಸ್ ವರ್ ಸ್ಪಿಲ್ಡ್’ ಎಂದು ತಿರುಗಿಸಿ ಹೇಳಿದರೂ ಅರ್ಥ ಕೆಡುವುದಿಲ್ಲ. ಬಕೆಟ್ಟಿನ ಮಾತನ್ನು ಹಾಗೆ ಬಿಡಿಸಲಾಗುವುದಿಲ್ಲ, ತಿರುಗಿಸಿದರೆ ನಿಜವಾಗಿಯೇ ಯಾರೋ ಬಕೆಟ್ಟಿಗೆ ಒದ್ದಂತಾಗುತ್ತದೆ. ಪಟ್ಟಿ ಓದಿದವರು ಎಡವುವುದು ಇಲ್ಲಿ. ಅರ್ಥ ಗೊತ್ತಿರುತ್ತದೆ, ಎಷ್ಟು ಬದಲಿಸಬಹುದು ಎಂಬುದು ಗೊತ್ತಿರುವುದಿಲ್ಲ. ಅದು ಗೊತ್ತಾಗಬೇಕಾದರೆ ಮತ್ತೆ ಮತ್ತೆ ಕೇಳಬೇಕು.

ಆದುದರಿಂದ ನಾನು ವಿದ್ಯಾರ್ಥಿಗಳಿಗೆ ಹೇಳುವುದು, ಅರಿಯುವುದು ವಿಸ್ತಾರವಾಗಿರಲಿ, ಆಡುವುದು ಮಿತವಾಗಿರಲಿ ಎಂದು. ಸಂದರ್ಶನದಲ್ಲಿ ನುಡಿಗಟ್ಟು ಬಳಸಿದರೆ ಒಳ್ಳೆಯ ಇಂಗ್ಲಿಷ್ ಎನಿಸಿಕೊಳ್ಳುತ್ತದೆ ಎಂಬ ನಂಬಿಕೆಯನ್ನು ಕೋಚಿಂಗ್ ತರಗತಿಗಳು ಬಿತ್ತಿವೆ. ನಾನು ಅದನ್ನು ಬಲವಾಗಿ ವಿರೋಧಿಸುತ್ತೇನೆ. ಎದುರಿಗೆ ಕುಳಿತವರು ತಿಳಿಯಬಯಸುವುದು ಈ ಅಭ್ಯರ್ಥಿ ಏನು ಮಾಡಬಲ್ಲಳು ಎಂಬುದನ್ನು. ಅದನ್ನು ಸರಳ ವಾಕ್ಯಗಳಲ್ಲಿ ಹೇಳಿದರೆ ಯಾರೂ ಅಂಕ ಕಡಿಮೆ ಮಾಡುವುದಿಲ್ಲ. ಕಿವಿಯ ಅಭ್ಯಾಸಕ್ಕಾಗಿ ನಾವು ಕ್ರಿಕೆಟ್ ವೀಕ್ಷಕ ವಿವರಣೆಯನ್ನು, ಇಂಗ್ಲಿಷ್ ಸುದ್ದಿಯನ್ನು, ಸಂದರ್ಶನಗಳನ್ನು ಮೊಬೈಲಿನಲ್ಲಿ ಹಾಕಿ ತರಗತಿಯಲ್ಲಿ ಕೇಳುತ್ತೇವೆ. ನುಡಿಗಟ್ಟು ಬಂದಿತೆನಿಸಿದ ಕಡೆ ನಿಲ್ಲಿಸಿ, ಯಾರು ಹೇಳಿದರು, ಯಾರಿಗೆ ಹೇಳಿದರು, ಆಮೇಲೆ ಏನಾಯಿತು ಎಂಬ ಮೂರನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಅರ್ಥದ ಅಂಕಣವನ್ನು ಕೊನೆಗೆ ತುಂಬುವುದು. ಜೊತೆಗೆ ತಿಳಿಯದಿದ್ದಾಗ ಕೇಳುವ ವಾಕ್ಯಗಳನ್ನೂ ಬಾಯಿಗೆ ಬರುವವರೆಗೆ ಆಡಿಸುತ್ತೇನೆ. ‘ಹಾಗಾದರೆ ತೀರ್ಮಾನ ನಾನು ಮಾಡಬೇಕೇ?’ ಎಂಬುದನ್ನು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿ, ಸಂಕೋಚವಿಲ್ಲದೆ ಕೇಳಲು ಬಂದಿದ್ದರೆ ಆ ಕಾರ್ಖಾನೆಯ ಹುಡುಗಿಗೆ ಅಷ್ಟು ನೋವಾಗುತ್ತಿರಲಿಲ್ಲ. ಕೇಳಿ ತಿಳಿದುಕೊಳ್ಳುವುದನ್ನು ದಡ್ಡತನವೆಂದು ಭಾವಿಸುವ ಸ್ವಭಾವ ನಮ್ಮ ಹಳ್ಳಿಯ ಮಕ್ಕಳಲ್ಲಿ, ಅದರಲ್ಲಿಯೂ ಹೆಣ್ಣುಮಕ್ಕಳಲ್ಲಿ ಗಟ್ಟಿಯಾಗಿದೆ. ಅದನ್ನು ಸಡಿಲಿಸುವುದು ವ್ಯಾಕರಣಕ್ಕಿಂತ ಕಷ್ಟದ ಕೆಲಸ.

ಪರೀಕ್ಷೆ ಹತ್ತಿರ ಬಂದವರಿಗೆ ಇಷ್ಟೆಲ್ಲಾ ಮಾಡಲು ಸಮಯವಿರುವುದಿಲ್ಲ ಎಂಬುದು ನನಗೆ ಗೊತ್ತು. ಅಂಥವರು ಹಿಂದಿನ ಪ್ರಶ್ನೆಪತ್ರಿಕೆಗಳಲ್ಲಿ ಬಂದ ನುಡಿಗಟ್ಟುಗಳನ್ನು ಮೊದಲು ನೋಡಿಕೊಳ್ಳಲಿ. ಪದಶಃ ಅರ್ಥವನ್ನೇ ಹೇಳುವ ಉತ್ತರವನ್ನು ಸಾಮಾನ್ಯವಾಗಿ ದಾರಿ ತಪ್ಪಿಸಲೆಂದೇ ಇಟ್ಟಿರುತ್ತಾರೆ, ಅದನ್ನು ಮೊದಲು ಬದಿಗಿಡಲಿ. ಪ್ರತಿ ನುಡಿಗಟ್ಟನ್ನೂ ಒಂದು ಪೂರ್ಣ ವಾಕ್ಯದೊಳಗೆ ಇಟ್ಟು ಗೆಳೆಯರಿಂದ ಗಟ್ಟಿಯಾಗಿ ಓದಿಸಿಕೊಂಡು ಕೇಳಲಿ; ಇಬ್ಬರು ಜೊತೆಗೆ ಓದಿದರೆ ಬಸ್ಸಿನಲ್ಲಿಯೇ ಇದನ್ನು ಮಾಡಬಹುದು. ಕೆಲಸ ಸಿಕ್ಕಿದ ಮೇಲೂ ಆ ಟಿಪ್ಪಣಿ ಪುಸ್ತಕವನ್ನು ಬಿಡಬೇಡಿ ಎಂದು ನಾನು ಅವರಿಗೆ ಹೇಳುತ್ತೇನೆ, ಏಕೆಂದರೆ ಮೇಲಧಿಕಾರಿಗಳು ಆಡುವ ಇಂಗ್ಲಿಷ್ ದಿನಾ ಕಿವಿಗೆ ಬೀಳತೊಡಗುವುದು ಆಗಲೇ.